ಕರಿಹಲಗೆಯ ಮೂಲೆಯ ಐದು ಪದ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಶಾಲೆ ಹುಟ್ಟಿದ ಬಗೆ, ಜಾಗ ಕೊಟ್ಟ ದಾನಿಗಳು, ಸೇವೆ ಸಲ್ಲಿಸಿದ ಮುಖ್ಯೋಪಾಧ್ಯಾಯರು, ಆಟೋಟದಲ್ಲಿ ಗೆದ್ದ ಬಹುಮಾನಗಳು ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಒಂದು ಸಣ್ಣ ಸಂಗತಿಯ ಚರಿತ್ರೆ. ಶಾಲೆಯ ಮೊದಲ ವರ್ಷಗಳಲ್ಲಿ ಓದಿದವರಿಗೆ ಅದು ನೆನಪಿರಬಹುದು. ನಮ್ಮ ಇಂಗ್ಲಿಷ್ ಮೇಷ್ಟರು ತರಗತಿಗೆ ಬಂದ ಕೂಡಲೇ ಕರಿಹಲಗೆಯ ಬಲಮೂಲೆಯಲ್ಲಿ ಒಂದು ಚೌಕ ಹಾಕಿ ಅದರೊಳಗೆ ಐದು ಇಂಗ್ಲಿಷ್ ಪದ ಬರೆಯುತ್ತಿದ್ದರು. ಆ ದಿನದ ಯಾವ ಪಾಠ ಅಳಿಸಿದರೂ ಆ ಚೌಕವನ್ನು ಸಂಜೆಯವರೆಗೆ ಯಾರೂ ಅಳಿಸುವಂತಿರಲಿಲ್ಲ. ಗಣಿತದ ಮೇಷ್ಟರು ಕೂಡ ಲೆಕ್ಕ ಬಿಡಿಸುವಾಗ ಆ ಮೂಲೆಯನ್ನು ಬಿಟ್ಟು ಬರೆಯುತ್ತಿದ್ದರು.

ಅಂದು ನಮಗೆ ಅದು ಒಬ್ಬ ಮೇಷ್ಟರ ಶಿಸ್ತು ಎಂದಷ್ಟೇ ಅನ್ನಿಸಿತ್ತು. ಮುಂದೆ ನಾನೂ ಶಿಕ್ಷಕನಾಗಿ, ಒಂದಷ್ಟು ಓದಿಕೊಂಡ ಮೇಲೆ, ಆ ಐದು ಪದಗಳ ಹಿಂದೆ ಬಹಳ ಜನರ ದುಡಿಮೆ, ಬಹಳ ವರ್ಷಗಳ ಅನುಭವ ಇದೆ ಎಂದು ತಿಳಿಯಿತು. ಆ ಕತೆಯನ್ನು ಊರಿನವರ ಮುಂದೆ, ಹಳೆಯ ಸಹಪಾಠಿಗಳ ಮುಂದೆ, ಈಗ ಪಾಠ ಮಾಡುತ್ತಿರುವ ಶಿಕ್ಷಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಕೂಲಿಮಠದಿಂದ ಶುರು

ದಿನಕ್ಕಿಷ್ಟು ಎಂದು ಕಲಿಯುವ ಪದ್ಧತಿ ನಮಗೆ ಇಂಗ್ಲಿಷಿನ ಜೊತೆ ಬಂದದ್ದಲ್ಲ. ಸರ್ಕಾರಿ ಶಾಲೆಗಳು ಬರುವ ಮೊದಲು ಹಳ್ಳಿಗಳಲ್ಲಿ ಕೂಲಿಮಠಗಳಿದ್ದವು. ಗುಡಿಯ ಜಗುಲಿಯಲ್ಲೋ, ಊರ ಪ್ರಮುಖರ ಪಡಸಾಲೆಯಲ್ಲೋ ಐಗಳು ಕುಳಿತು ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಸಂಜೆಯಾದರೆ ಮಕ್ಕಳೆಲ್ಲ ಒಟ್ಟಿಗೆ ಮಗ್ಗಿ ಹೇಳಬೇಕು. ನೆನ್ನೆ ಹೇಳಿದ ಮಗ್ಗಿಯನ್ನು ಇವತ್ತೂ ಹೇಳಬೇಕು, ಇವತ್ತಿನದನ್ನು ನಾಳೆಯೂ ಹೇಳಬೇಕು. ನಮ್ಮ ಅಜ್ಜಂದಿರು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಎಪ್ಪತ್ತು ವಯಸ್ಸಿನಲ್ಲೂ ತಡವರಿಸದೆ ಹೇಳುತ್ತಿದ್ದುದು ಇದರಿಂದಲೇ.

ಪದಗಳನ್ನೂ ಹೀಗೆಯೇ ಕಲಿಸುತ್ತಿದ್ದರು. ಸಂಸ್ಕೃತ ಕಲಿಯುವವರು ಅಮರಸಿಂಹನ ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದರು. ಅದು ಸುಮಾರು 1,500 ಶ್ಲೋಕಗಳ ಪದಕೋಶ. ಭೂಮಿಗೆ ಸಂಬಂಧಿಸಿದ ಪದಗಳು ಒಂದು ಕಡೆ, ಪಟ್ಟಣದವು ಒಂದು ಕಡೆ, ಗಿಡಮೂಲಿಕೆಗಳವು ಇನ್ನೊಂದು ಕಡೆ ಎಂದು ವರ್ಗ ಮಾಡಿ ಜೋಡಿಸಿದ್ದು. ಕನ್ನಡದಲ್ಲಿಯೂ ಎರಡನೆಯ ನಾಗವರ್ಮನ ಅಭಿಧಾನವಸ್ತುಕೋಶ, ಮಂಗರಾಜ ನಿಘಂಟು ಇವೆಲ್ಲ ಪದ್ಯದಲ್ಲೇ ಇವೆ. ಅಂದರೆ ಆಗಿನ ಕಾಲದಲ್ಲಿ ನಿಘಂಟು ಎಂದರೆ ಬೇಕಾದಾಗ ತೆಗೆದು ನೋಡುವ ಪುಸ್ತಕವಾಗಿರಲಿಲ್ಲ. ದಿನಕ್ಕೆರಡು ಪದ್ಯದಂತೆ ಬಾಯಲ್ಲಿ ಇಟ್ಟುಕೊಳ್ಳುವ ವಸ್ತುವಾಗಿತ್ತು.

ಈ ಪದ್ಧತಿಯಲ್ಲಿ ಎರಡು ಕೊರತೆಗಳೂ ಇದ್ದವು. ಮೊದಲನೆಯದು, ಆ ಜಗುಲಿ ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳು, ಕೆಳಗಿನವರೆಂದು ದೂರ ಇಟ್ಟ ಜಾತಿಗಳ ಮಕ್ಕಳು ಹೊರಗೇ ಉಳಿದರು. ಎರಡನೆಯದು, ಬಾಯಿಗೆ ಬಂದ ಪದ ಬಳಕೆಗೆ ಬರಲೇಬೇಕೆಂಬ ನಿಯಮ ಇರಲಿಲ್ಲ. ಈ ಎರಡು ಕೊರತೆಗಳೂ ಮುಂದೆ ಇಂಗ್ಲಿಷ್ ಕಲಿಕೆಗೂ ಅಂಟಿಕೊಂಡೇ ಬಂದವು.

ಇಂಗ್ಲಿಷ್ ಬಂದ ದಾರಿ

ಮೈಸೂರು ಸಂಸ್ಥಾನದಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ಅಡಿಪಾಯ ಹಾಕಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1833ರಲ್ಲಿ ಅವರು ಮೈಸೂರಿನಲ್ಲಿ ರಾಜಾ ಫ್ರೀ ಸ್ಕೂಲನ್ನು ತೆರೆದರು. ಮೆಕಾಲೆ ತನ್ನ ಪ್ರಸಿದ್ಧ ಟಿಪ್ಪಣಿ ಬರೆದದ್ದು ಅದರ ನಂತರ, 1835ರಲ್ಲಿ. ಆ ಶಾಲೆಯೇ ಮುಂದೆ ಬೆಳೆದು ಮಹಾರಾಜ ಕಾಲೇಜಾಯಿತು. 1854ರಲ್ಲಿ ವುಡ್ಸ್ ಡಿಸ್ಪ್ಯಾಚ್ ಎಂಬ ಆದೇಶಪತ್ರ ಬಂತು. ಸಾಮಾನ್ಯ ಜನರಿಗೆ ಅವರವರ ಭಾಷೆಯಲ್ಲಿ, ಉನ್ನತ ಶಿಕ್ಷಣಕ್ಕೆ ಇಂಗ್ಲಿಷಿನಲ್ಲಿ ಎಂಬ ಹಂಚಿಕೆ ಅಲ್ಲಿಂದ ಗಟ್ಟಿಯಾಯಿತು. 1868ರಲ್ಲಿ ಬಿ.ಎಲ್. ರೈಸ್ ಅವರ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಹೋಬಳಿ ಶಾಲೆಗಳ ಯೋಜನೆ ಜಾರಿಗೆ ಬಂತು. ನಮ್ಮಂಥ ಹಳ್ಳಿಗಳ ಹತ್ತಿರಕ್ಕೆ ಸರ್ಕಾರಿ ಅಕ್ಷರ ಬಂದದ್ದು ಆ ಯೋಜನೆಯಿಂದ. ಅಲ್ಲಿ ಪಾಠ ಕನ್ನಡದಲ್ಲಿ. ಇಂಗ್ಲಿಷ್ ಬೇಕಾದವರು ಪೇಟೆಗೆ ಹೋಗಬೇಕು.

ಈ ಹಂಚಿಕೆಯಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಮಗು ತನ್ನ ಭಾಷೆಯಲ್ಲಿ ಓದಿತು ಎಂಬುದು ಒಳ್ಳೆಯದು. ಆದರೆ ಕಚೇರಿ, ಕೋರ್ಟು, ಕಾಲೇಜು ಎಲ್ಲ ಇಂಗ್ಲಿಷಿನಲ್ಲಿದ್ದ ಕಾರಣ ಪೇಟೆಯ ಮಗುವಿಗೂ ಹಳ್ಳಿಯ ಮಗುವಿಗೂ ನಡುವೆ ಒಂದು ಗೋಡೆ ಎದ್ದಿತು. ಆ ಗೋಡೆಗೆ ನೂರೈವತ್ತು ವರ್ಷ ದಾಟಿದರೂ ಅದು ಇನ್ನೂ ಪೂರ್ತಿ ಬಿದ್ದಿಲ್ಲ.

ನಮ್ಮ ಭಾಷೆ ಕಲಿತ ಪರಭಾಷಿಕರು

ಇಂಗ್ಲಿಷ್ ಪದಕ್ಕೆ ಕನ್ನಡದ ಅರ್ಥ ಹುಡುಕುವ ಪುಸ್ತಕ ಮೊದಲು ಮಾಡಿಕೊಟ್ಟವರು ಕನ್ನಡ ಕಲಿಯಬೇಕಾಗಿ ಬಂದ ಪರದೇಶದವರು ಎಂಬುದು ನೆನಪಿಡಬೇಕಾದ ಮಾತು. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮದರಾಸಿನಲ್ಲಿ ಅಚ್ಚಾದವು. 1858ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಅದನ್ನು ತಿದ್ದಿ ಬೆಂಗಳೂರಿನಲ್ಲಿ ಹೊರತಂದರು.

ಎಲ್ಲಕ್ಕಿಂತ ದೊಡ್ಡ ಕೆಲಸ ಫರ್ಡಿನೆಂಡ್ ಕಿಟೆಲ್ ಅವರದು. ಜರ್ಮನಿಯ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ನಾಡಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷ. ಸುಮಾರು 70,000 ಪದಗಳ ಆ ನಿಘಂಟಿನಲ್ಲಿ ಹಳಗನ್ನಡ ಕಾವ್ಯಗಳ ಪದಗಳಿವೆ, ಜನ ಆಡುವ ಮಾತುಗಳಿವೆ, ನೂರಾರು ಗಾದೆಗಳಿವೆ. ತನ್ನ ತಾಯಿನುಡಿಯಲ್ಲದ ಭಾಷೆಯೊಂದರಲ್ಲಿ ಒಬ್ಬ ಮನುಷ್ಯ ಇಷ್ಟು ಪದ ಕೂಡಿಸಲು ಸಾಧ್ಯ ಎಂಬುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ ಅದು. ಇಂಗ್ಲಿಷ್ ಕಷ್ಟ ಎಂದು ಅಳುವ ಮಗುವಿಗೆ ನಾನು ಕಿಟೆಲ್ಲರ ಕತೆ ಹೇಳುತ್ತೇನೆ. ನಮಗೆ ಇಂಗ್ಲಿಷ್ ಎಷ್ಟು ದೂರವೋ ಅವರಿಗೆ ಕನ್ನಡ ಅಷ್ಟೇ ದೂರ ಇತ್ತು.

ಆಮೇಲೆ ಈ ಕೆಲಸವನ್ನು ಕನ್ನಡಿಗರೇ ಕೈಗೆತ್ತಿಕೊಂಡರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಹೊರಬಂತು. ಪ್ರೊ. ಜಿ. ವೆಂಕಟಸುಬ್ಬಯ್ಯನವರು ಇಂಗ್ಲಿಷ್–ಕನ್ನಡ ನಿಘಂಟು ರಚಿಸಿದ್ದಲ್ಲದೆ ಪ್ರಜಾವಾಣಿಯ ಇಗೋ ಕನ್ನಡ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದದ ಸಂದೇಹಗಳಿಗೆ ಉತ್ತರ ಕೊಟ್ಟರು. 2021ರಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಪದಗಳ ಸಹವಾಸ ಬಿಡಲಿಲ್ಲ. ಕಿಟೆಲ್ ಆಗಲಿ ವೆಂಕಟಸುಬ್ಬಯ್ಯನವರಾಗಲಿ ಒಂದು ದಿನದಲ್ಲಿ ದೊಡ್ಡ ಕೆಲಸ ಮಾಡಿದವರಲ್ಲ. ದಿನದಿನವೂ ಸ್ವಲ್ಪ ಸ್ವಲ್ಪ ಮಾಡಿದವರು.

ಎಷ್ಟು ಪದ ಬೇಕು?

ನಿಘಂಟು ಬಂತು, ಸರಿ. ಆದರೆ ಹೈಸ್ಕೂಲಿನ ಮಗು ಎಲ್ಲಿಂದ ಶುರು ಮಾಡಬೇಕು? ನಿಘಂಟನ್ನು ಮೊದಲ ಪುಟದಿಂದ ಉರು ಹೊಡೆಯಲು ಹೊರಟವರು ನಮ್ಮ ಕಾಲದಲ್ಲೂ ಇದ್ದರು. ಎ ಅಕ್ಷರ ಮುಗಿಯುವ ಮೊದಲೇ ಅವರ ಉತ್ಸಾಹ ಮುಗಿದಿರುತ್ತಿತ್ತು.

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷ್ ಶಿಕ್ಷಕರು. ಅವರು ಹುಡುಕಿದ್ದು ನಮ್ಮ ದೇಶದಲ್ಲೇ, ಆಗಿನ ಬಂಗಾಳದ ಢಾಕಾದಲ್ಲಿ. ಅಲ್ಲಿನ ಬಹುಪಾಲು ಮಕ್ಕಳು ಹೈಸ್ಕೂಲು ಮುಗಿಸುವ ಮೊದಲೇ ಶಾಲೆ ಬಿಡುವುದನ್ನು ಅವರು ಕಂಡರು. ಆ ಮಕ್ಕಳು ವರ್ಷಗಟ್ಟಲೆ ಇಂಗ್ಲಿಷ್ ಪಾಠ ಕೇಳಿರುತ್ತಿದ್ದರು, ಆದರೆ ಬಿಟ್ಟು ಹೋಗುವಾಗ ಒಂದು ಸುಲಭದ ಪುಸ್ತಕವನ್ನೂ ಓದಲಾರದೆ ಹೋಗುತ್ತಿದ್ದರು. 1926ರಲ್ಲಿ ಹೊರಬಂದ ತಮ್ಮ ಪುಸ್ತಕದಲ್ಲಿ ವೆಸ್ಟ್ ಇದಕ್ಕೆ ವಿಮಾ ಕಂಪನಿಯ ಒಂದು ಮಾತನ್ನು ಬಳಸಿದರು: ಸರೆಂಡರ್ ವ್ಯಾಲ್ಯೂ. ಎಲ್‌ಐಸಿ ಪಾಲಿಸಿ ಮಾಡಿಸಿದವರಿಗೆಲ್ಲ ಈ ಮಾತು ಗೊತ್ತು. ಪಾಲಿಸಿಯನ್ನು ನಡುವೆ ನಿಲ್ಲಿಸಿದರೂ ಕಟ್ಟಿದ ಕಂತಿಗೆ ಇಷ್ಟು ಹಣ ಕೈಗೆ ಬರುತ್ತದೆ ಎಂಬ ಲೆಕ್ಕ ಅದು. ಓದನ್ನು ಅರ್ಧಕ್ಕೆ ಬಿಟ್ಟ ಮಗುವಿನ ಕೈಗೂ ಅಷ್ಟರಮಟ್ಟಿಗೆ ಏನಾದರೂ ಸಿಗಬೇಕು, ಅಂಥ ಪಾಠವೇ ನ್ಯಾಯವಾದ ಪಾಠ ಎಂಬುದು ವೆಸ್ಟರ ವಾದ.

ಅದಕ್ಕಾಗಿ ಅವರು ಹೆಚ್ಚು ಬಳಕೆಯ ಪದಗಳನ್ನು ಮೊದಲು, ಸ್ವಲ್ಪ ಸ್ವಲ್ಪವಾಗಿ, ಒಂದೊಂದು ಪದವೂ ಮುಂದಿನ ಪುಟಗಳಲ್ಲಿ ಮತ್ತೆ ಮತ್ತೆ ಬರುವಂತೆ ಜೋಡಿಸಿ ಓದುವ ಪುಸ್ತಕಗಳನ್ನು ಬರೆದರು. 1953ರಲ್ಲಿ ಅವರು ಸಿದ್ಧಪಡಿಸಿದ ಸುಮಾರು 2,000 ಪದಗಳ ಪಟ್ಟಿ ಪ್ರಕಟವಾಯಿತು. ಸಾಮಾನ್ಯ ಇಂಗ್ಲಿಷ್ ಬರಹದ ಪುಟವೊಂದರಲ್ಲಿ ನೂರಕ್ಕೆ ಸುಮಾರು ಎಂಬತ್ತು ಪದಗಳು ಈ ಪಟ್ಟಿಯವೇ ಆಗಿರುತ್ತವೆ.

ಈಗ ನಮ್ಮ ಮೇಷ್ಟರ ಲೆಕ್ಕ ನೋಡಿ. ದಿನಕ್ಕೆ ಐದು ಪದ. ವರ್ಷಕ್ಕೆ ಇನ್ನೂರು ದಿನ ಪಾಠ ನಡೆದರೆ ಸಾವಿರ ಪದ. ಎಂಟು, ಒಂಬತ್ತು, ಹತ್ತು ಮೂರು ವರ್ಷಕ್ಕೆ ಮೂರು ಸಾವಿರ. ಮೂರರಲ್ಲಿ ಒಂದು ಮರೆತುಹೋದರೂ ಎರಡು ಸಾವಿರ ಉಳಿಯಿತು. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಮ್ಮ ಮೇಷ್ಟರು ಅಂಕಿಯಲ್ಲಿ ಬರೆದು ತೋರಿಸಿದ್ದರು.

ಮರೆವಿನ ಲೆಕ್ಕ

ಆದರೆ ಆ ಎರಡು ಸಾವಿರ ತಾನಾಗಿ ಉಳಿಯುವುದಿಲ್ಲ. ಮರೆವಿಗೂ ಒಂದು ಲೆಕ್ಕ ಇದೆ. ಅದನ್ನು ಮೊದಲು ಅಳೆದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವೇ ಇಲ್ಲದ ಉಚ್ಚಾರಗಳ ಸಾಲುಗಳನ್ನು ಮಾಡಿಕೊಂಡು, ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅವರು ಬರೆದಿಟ್ಟರು. 1885ರಲ್ಲಿ ಅದು ಪುಸ್ತಕವಾಯಿತು. ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದೆರಡು ದಿನಗಳಲ್ಲೇ ಜಾರಿಹೋಗುತ್ತದೆ, ಆಮೇಲೆ ಉಳಿದದ್ದು ನಿಧಾನವಾಗಿ ಕರಗುತ್ತದೆ ಎಂಬುದು ಅವರ ಮೊದಲ ಮಾತು. ಎರಡನೆಯ ಮಾತು ನಮಗೆ ಇನ್ನೂ ಮುಖ್ಯ. ಒಂದು ಸಾಲನ್ನು ಒಂದೇ ದಿನ 68 ಸಲ ಹೇಳಿದ್ದರಿಂದ ಸಿಕ್ಕ ಫಲ, ಮೂರು ದಿನಗಳಿಗೆ ಹಂಚಿ 38 ಸಲ ಹೇಳಿದಾಗಲೇ ಸಿಕ್ಕಿತು. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಕುಳಿತು ಉರು ಹೊಡೆಯುವವನು ಹೆಚ್ಚು ದುಡಿದು ಕಡಿಮೆ ಪಡೆಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಲೆಕ್ಕ ಬೇಕಿಲ್ಲ.

1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಇನ್ನೊಬ್ಬ ಜರ್ಮನ್ ಬರಹಗಾರರು ಇದನ್ನೇ ಚೀಟಿ ಮತ್ತು ಡಬ್ಬದ ಪದ್ಧತಿ ಮಾಡಿದರು. ಚೀಟಿಯ ಒಂದು ಬದಿ ಪದ, ಇನ್ನೊಂದು ಬದಿ ಅರ್ಥ. ಡಬ್ಬದಲ್ಲಿ ಐದು ಅಂಕಣ. ಎಲ್ಲ ಚೀಟಿಯೂ ಮೊದಲ ಅಂಕಣದಲ್ಲಿ ಶುರು. ಅರ್ಥ ಸರಿಯಾಗಿ ನೆನಪಾದರೆ ಚೀಟಿ ಮುಂದಿನ ಅಂಕಣಕ್ಕೆ ಹೋಗುತ್ತದೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಹಿಂದಿನ ಅಂಕಣವನ್ನು ದಿನಾ ನೋಡಬೇಕು, ಮುಂದಿನವುಗಳನ್ನು ಅಂತರ ಬಿಟ್ಟು ಬಿಟ್ಟು ನೋಡಿದರೆ ಸಾಕು. ಚಪ್ಪಲಿ ಅಂಗಡಿಯ ಒಂದು ರಟ್ಟಿನ ಡಬ್ಬ, ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆ ಇದ್ದರೆ ಇದನ್ನು ಯಾವ ಮನೆಯಲ್ಲಾದರೂ ಮಾಡಬಹುದು. ಖರ್ಚಿಲ್ಲ.

ನಮ್ಮ ಮೇಷ್ಟರು ಈ ಪುಸ್ತಕಗಳನ್ನು ಓದಿದ್ದರೋ ಏನೋ, ಅವರೆಂದೂ ಹೇಳಲಿಲ್ಲ. ಆದರೆ ಅವರ ಕ್ರಮ ಹೀಗಿತ್ತು: ಇಂದಿನ ಐದು ಪದ ಬರೆಯುವ ಮೊದಲು ನೆನ್ನೆಯ ಐದನ್ನು ಕೇಳುವುದು. ಶನಿವಾರ ಬೆಳಗಿನ ತರಗತಿಯಲ್ಲಿ ಹೊಸ ಪದ ಇಲ್ಲ, ಆ ವಾರದ ಇಪ್ಪತ್ತೈದು ಪದಗಳ ಉಕ್ತಲೇಖನ. ತಿಂಗಳ ಕೊನೆಗೆ ಆ ತಿಂಗಳ ಪದಗಳಲ್ಲಿ ಯಾವುದನ್ನಾದರೂ ಕೇಳಬಹುದು. ನೈಫ್ ಎಂಬ ಪದದ ಮುಂದೆ ಸದ್ದಿಲ್ಲದ ಕೆ ಅಕ್ಷರ ಇದೆ ಎಂಬುದನ್ನು ನಾವು ಆ ಶನಿವಾರಗಳಲ್ಲಿ ಎಷ್ಟು ಸಲ ತಪ್ಪಿ, ಎಷ್ಟು ಸಲ ತಿದ್ದಿಕೊಂಡೆವೋ ಲೆಕ್ಕವಿಲ್ಲ.

ಪಟ್ಟಿಯಿಂದ ಬಳಕೆಗೆ

ಸ್ವಾತಂತ್ರ್ಯ ಬಂದ ಮೇಲೆ ಶಾಲೆಗಳು ಹೆಚ್ಚಿದವು, ಇಂಗ್ಲಿಷ್ ಕಲಿಸಲು ತರಬೇತಾದ ಶಿಕ್ಷಕರ ಕೊರತೆಯೂ ಹೆಚ್ಚಿತು. ಅದಕ್ಕಾಗಿ 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿದವು. ವಾಕ್ಯದ ಮಾದರಿಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಅಭ್ಯಾಸ ಮಾಡಿಸುವ ಪದ್ಧತಿ ಆ ಕಾಲದ್ದು. ದಿಸ್ ಈಸ್ ಎ ಪೆನ್, ದಟ್ ಈಸ್ ಎ ಬುಕ್ ಎಂದು ಇಡೀ ತರಗತಿ ಕೂಗಿದ ನೆನಪು ನಮ್ಮ ವಯಸ್ಸಿನವರಿಗೆಲ್ಲ ಇರುತ್ತದೆ.

ಕೂಗಿದ ವಾಕ್ಯ ಬಾಯಿಗೆ ಬಂತು, ಆದರೆ ಬೇಕಾದಾಗ ಬಳಕೆಗೆ ಬಂತೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡವರು ಎನ್.ಎಸ್. ಪ್ರಭು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗಕ್ಕೆ ಪ್ರಪಂಚದಾದ್ಯಂತ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರು. ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿಯನ್ನೋ ಒಂದು ನಕ್ಷೆಯನ್ನೋ ಕೊಟ್ಟು, ಇಂಥ ಊರಿಗೆ ಇಷ್ಟು ಗಂಟೆಗೆ ತಲುಪಬೇಕಾದರೆ ಯಾವ ರೈಲು ಹತ್ತಬೇಕು ಎಂಬಂಥ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬಿಡಿಸಲು ಹೇಳುವುದು ಆ ಪದ್ಧತಿ. ಮಗುವಿನ ಗಮನ ಉತ್ತರದ ಮೇಲೆ ಇರುತ್ತದೆ, ಪದಗಳು ಕೆಲಸದ ಜೊತೆಯಲ್ಲೇ ಒಳಗೆ ಇಳಿಯುತ್ತವೆ. ಪದವನ್ನು ಬಳಸಿದವನಿಗೇ ಪದ ಉಳಿಯುತ್ತದೆ ಎಂಬುದು ಅದರ ಪಾಠ. ಅಮರಕೋಶದ ಕಾಲದಿಂದ ಉಳಿದಿದ್ದ ಎರಡನೆಯ ಕೊರತೆಗೆ ಇದು ಉತ್ತರ.

ಇಷ್ಟೂ ಚರಿತ್ರೆಯನ್ನು ಮೂರು ಮಾತಿನಲ್ಲಿ ಹೇಳಬಹುದು. ದಿನವೂ ಸ್ವಲ್ಪ ಕಲಿ. ಕಲಿತದ್ದಕ್ಕೆ ಮತ್ತೆ ಮತ್ತೆ ಹಿಂತಿರುಗು. ಹಿಂತಿರುಗಿದ್ದನ್ನು ಬಳಸು.

ಪಂಪ್‌ಹೌಸಿನ ಇಂಗ್ಲಿಷ್

ಮೂರನೆಯ ಮಾತಿಗೆ ನಮ್ಮ ಮೇಷ್ಟರು ಕಂಡುಕೊಂಡ ದಾರಿ ಇಂದಿಗೂ ನನಗೆ ಅಚ್ಚರಿ. ನಾವು ಎಂಟನೇ ತರಗತಿಗೆ ಸೇರಿದ ಹೊಸದರಲ್ಲಿ, "ನಮಗೆ ಇಂಗ್ಲಿಷ್ ಬರಲ್ಲ ಸಾರ್" ಎಂದು ಒಬ್ಬ ಹುಡುಗ ಎದ್ದು ನಿಂತು ಹೇಳಿಬಿಟ್ಟ. ಮೇಷ್ಟರು ಬೈಯಲಿಲ್ಲ. "ನಾಳೆ ಬರುವಾಗ ನಿಮ್ಮ ಮನೆಯಲ್ಲಿ, ಹೊಲದಲ್ಲಿ, ಬಸ್ಸಿನಲ್ಲಿ ಜನ ಆಡುವ ಇಂಗ್ಲಿಷ್ ಪದ ಎಷ್ಟು ಸಿಗುತ್ತವೋ ಬರೆದುಕೊಂಡು ಬನ್ನಿ" ಎಂದರು.

ಮರುದಿನ ಹಲಗೆ ತುಂಬಿಹೋಯಿತು. ಪಂಪ್‌ಹೌಸಿನಿಂದ ಮೋಟರು, ಸ್ಟಾರ್ಟರು, ಫ್ಯೂಸು, ವಾಲ್ವು, ಪೈಪು. ಬಸ್ಸಿನಿಂದ ಟಿಕೆಟ್ಟು, ಸೀಟು, ಬ್ರೇಕು, ಲಗೇಜು, ರೈಟ್. ಸೊಸೈಟಿಯಿಂದ ಲೋನು, ಪಾಸ್‌ಬುಕ್ಕು, ಡ್ಯೂ, ಮೆಂಬರು. ಕೋರ್ಟಿಗೆ ಅಲೆಯುತ್ತಿದ್ದ ಮನೆಯ ಹುಡುಗನೊಬ್ಬ ಸ್ಟೇ, ನೋಟೀಸು, ಅಪೀಲು ತಂದಿದ್ದ. ನಮ್ಮ ಅಜ್ಜಿ ಲಾಂದ್ರ ಎನ್ನುತ್ತಿದ್ದುದು ಇಂಗ್ಲಿಷಿನ ಲ್ಯಾಂಟರ್ನ್ ಎಂದು ಅವತ್ತು ತಿಳಿಯಿತು. ನೂರಕ್ಕೂ ಹೆಚ್ಚು ಪದ. "ಬರಲ್ಲ ಅಂದೆಯಲ್ಲಪ್ಪ, ಇವೆಲ್ಲ ಏನು?" ಎಂದು ಮೇಷ್ಟರು ನಕ್ಕರು.

ಆಮೇಲೆ ಪ್ರತಿ ಪದಕ್ಕೂ ಅದರ ನೆಂಟರನ್ನು ಸೇರಿಸುತ್ತಾ ಹೋದರು. ಸ್ಟಾರ್ಟರು ಗೊತ್ತಿದ್ದವನಿಗೆ ಸ್ಟಾರ್ಟ್, ಸ್ಟಾರ್ಟೆಡ್ ಬಂತು. ಮೆಂಬರು ಗೊತ್ತಿದ್ದವನಿಗೆ ಮೆಂಬರ್‌ಶಿಪ್ ಬಂತು. ಸ್ಟೇ ಎಂದರೆ ಕೋರ್ಟಿನ ತಡೆ ಮಾತ್ರವಲ್ಲ, ಉಳಿದುಕೊಳ್ಳುವುದು ಕೂಡ ಎಂದು ಗೊತ್ತಾಯಿತು. ಇನ್ನೊಂದು ದಿನ ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋದ ಪದಗಳ ಸರದಿ. ಟೀಕ್ ಎಂಬುದು ಮಲಯಾಳದ ತೇಕ್ಕು, ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋದದ್ದು. ಅದೇ ನಮ್ಮ ತೇಗ. ಅರೆಕಾ ಎಂಬುದೂ ಅದೇ ದಾರಿಯಲ್ಲಿ ಹೋದ ನಮ್ಮ ಅಡಕೆಯ ಒಡಹುಟ್ಟು. ಇಂಗ್ಲಿಷ್ ಕೂಡ ಸಾಲ ತಂದು ಸಂಸಾರ ಮಾಡಿದ ಭಾಷೆ ಎಂದು ತಿಳಿದ ಮೇಲೆ ನಮ್ಮ ಅರ್ಧ ಭಯ ಹೋಯಿತು.

ಒಬ್ಬ ಸಹಪಾಠಿಯ ಮಾತು

ಇದೆಲ್ಲ ಇದ್ದೂ ನಾವು ಎಡವಿದ ಒಂದು ಜಾಗವನ್ನು ಹೇಳದಿದ್ದರೆ ಈ ಚರಿತ್ರೆ ಪ್ರಾಮಾಣಿಕವಾಗುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗನೊಬ್ಬ ಎಸ್ಸೆಸ್ಸೆಲ್ಸಿ ಒಳ್ಳೆಯ ಅಂಕದಲ್ಲಿ ಪಾಸಾಗಿ ಪೇಟೆಯ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅಂಶ, ಛೇದ ಗೊತ್ತಿದ್ದವನಿಗೆ ನ್ಯೂಮರೇಟರ್, ಡಿನಾಮಿನೇಟರ್ ಗೊತ್ತಿರಲಿಲ್ಲ. ವೇಗೋತ್ಕರ್ಷದ ಲೆಕ್ಕ ನಿದ್ದೆಯಲ್ಲೂ ಬಿಡಿಸುತ್ತಿದ್ದವನಿಗೆ ಆಕ್ಸಿಲರೇಷನ್ ಎಂದಾಗ ಯಾವುದರ ಮಾತು ನಡೆಯುತ್ತಿದೆ ಎಂದೇ ತಿಳಿಯಲಿಲ್ಲ. ಕೇಳಲು ನಾಚಿಕೆ. ಮೂರು ತಿಂಗಳಿಗೆ ಟ್ರಂಕು ಹೊತ್ತುಕೊಂಡು ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಇಂದು ಅವನು ಒಳ್ಳೆಯ ತೆಂಗಿನ ಬೆಳೆಗಾರ, ಊರಿನಲ್ಲಿ ಗೌರವವಾಗಿ ಬಾಳುತ್ತಿದ್ದಾನೆ. ಆದರೆ ಎಷ್ಟೋ ವರ್ಷದ ಮೇಲೆ ಒಂದು ಸಂಜೆ ಅರಳಿಕಟ್ಟೆಯಲ್ಲಿ ಕುಳಿತಿದ್ದಾಗ ಅವನು ಹೇಳಿದ: "ನಂಗೆ ಲೆಕ್ಕ ಬರ್ದೆ ವಾಪಸ್ ಬಂದಿದ್ದಲ್ಲ ಕಣೋ. ಲೆಕ್ಕದ ಹೆಸ್ರು ಬರ್ದೆ ವಾಪಸ್ ಬಂದಿದ್ದು."

ಅವನು ಕಾಲೇಜು ಬಿಟ್ಟು ಬಂದ ಸುದ್ದಿ ಮೇಷ್ಟರಿಗೂ ಮುಟ್ಟಿತ್ತು. ನಮ್ಮ ಮುಂದಿನ ಬ್ಯಾಚಿನವರು ಹೇಳುವ ಪ್ರಕಾರ, ಆ ವರ್ಷದಿಂದ ಹತ್ತನೇ ತರಗತಿಯ ಚೌಕದಲ್ಲಿ ಐದರಲ್ಲಿ ಎರಡು ಪದ ಗಣಿತ ಅಥವಾ ವಿಜ್ಞಾನದವು. ಕನ್ನಡದ ಪಾರಿಭಾಷಿಕ ಪದ ಎಡಗಡೆ, ಇಂಗ್ಲಿಷಿನದು ಬಲಗಡೆ. ವರ್ಗಮೂಲ, ಸ್ಕ್ವೇರ್ ರೂಟ್. ಸಾಂದ್ರತೆ, ಡೆನ್ಸಿಟಿ. ಜೀವಕೋಶ, ಸೆಲ್. ಈ ಬದಲಾವಣೆಗೆ ಯಾವ ಇಲಾಖೆಯ ಆದೇಶವೂ ಇರಲಿಲ್ಲ. ಒಬ್ಬ ಹುಡುಗ ಬಿದ್ದ ಜಾಗದಲ್ಲಿ ಇನ್ನೊಬ್ಬ ಬೀಳಬಾರದು ಎಂಬುದಷ್ಟೇ ಕಾರಣ.

ಕನ್ನಡದ ಮೇಲೆ ನಿಂತ ಇಂಗ್ಲಿಷ್

ಇಂಗ್ಲಿಷ್ ಪದ ಕಲಿಯಿರಿ ಎಂದರೆ ಕನ್ನಡ ಬಿಡಿ ಎಂದಂತಲ್ಲ. ಕುವೆಂಪು ಅವರ ಮೊದಲ ಪುಸ್ತಕ ಇಂಗ್ಲಿಷ್ ಕವಿತೆಗಳದ್ದು. ಬಿಗಿನರ್ಸ್ ಮ್ಯೂಸ್ ಎಂಬ ಆ ಪುಸ್ತಕ 1922ರಲ್ಲಿ ಬಂತು. ತಾಯಿನುಡಿಯಲ್ಲಿ ಬರೆಯಿರಿ ಎಂದು ಅವರಿಗೆ ಸಲಹೆ ಕೊಟ್ಟವರು ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ. ಕುವೆಂಪು ಕನ್ನಡಕ್ಕೆ ಬಂದರು, ಶಿಕ್ಷಣ ಕನ್ನಡದಲ್ಲೇ ಇರಬೇಕೆಂದು ಜೀವನಪೂರ್ತಿ ವಾದಿಸಿದರು. ಇಂಗ್ಲಿಷ್ ಬಾರದ ಸಿಟ್ಟಿನಿಂದ ಆಡಿದ ಮಾತಲ್ಲ ಅದು, ಚೆನ್ನಾಗಿ ಬಲ್ಲವರ ಮಾತು.

ಕನ್ನಡ ಗಟ್ಟಿ ಇದ್ದವನಿಗೆ ಇಂಗ್ಲಿಷ್ ಪದ ಸುಲಭ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಫೋಟೋಸಿಂಥೆಸಿಸ್ ಎಂಬ ಪದವನ್ನು ಕಂಡರೆ ಮಗು ಹೆದರುತ್ತದೆ. ಆದರೆ ಅದನ್ನು ಬಿಡಿಸಿ ನೋಡಿ. ಫೋಟೋ ಎಂದರೆ ಬೆಳಕು, ನಮ್ಮ ದ್ಯುತಿ. ಸಿನ್ ಎಂದರೆ ಒಟ್ಟಿಗೆ, ನಮ್ಮ ಸಂ. ಥೆಸಿಸ್ ಎಂದರೆ ಇಡುವುದು, ಸೇರಿಸುವುದು. ದ್ಯುತಿಸಂಶ್ಲೇಷಣೆ ಎಂಬ ಪದವನ್ನು ಅರ್ಥ ತಿಳಿದು ಕಲಿತ ಮಗುವಿಗೆ ಅದರ ಪಕ್ಕದಲ್ಲೇ ಇಂಗ್ಲಿಷ್ ಪದಕ್ಕೂ ಜಾಗ ಇರುತ್ತದೆ. ಅರ್ಥ ತಿಳಿಯದೆ ಉರು ಹೊಡೆದ ಮಗುವಿಗೆ ಎರಡೂ ಬರೀ ಸದ್ದು.

ಮುಂದಿನ ಐವತ್ತಕ್ಕೆ

ನಮ್ಮ ಕಾಲದಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಗೆ. 2007–08ರಿಂದ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಈಗ ಕೈಯಲ್ಲಿ ಮೊಬೈಲ್ ಇದೆ. ಯಾವ ಪದದ ಅರ್ಥವನ್ನಾದರೂ ಒಂದು ಕ್ಷಣದಲ್ಲಿ ನೋಡಬಹುದು, ಉಚ್ಚಾರವನ್ನೂ ಕೇಳಬಹುದು. ಕಿಟೆಲ್ ನಲವತ್ತು ವರ್ಷ ದುಡಿದದ್ದು ಇಂದು ಬೆರಳ ತುದಿಯಲ್ಲಿದೆ. ಆದರೆ ಬೆರಳ ತುದಿಯಲ್ಲಿರುವುದು ತಲೆಯಲ್ಲಿ ಇದ್ದಂತಲ್ಲ. ಮರೆವಿನ ಲೆಕ್ಕ 1885ರಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ. ಪದವನ್ನು ನೋಡಿದ್ದು ಸಾಲದು, ಮಾರನೆಯ ದಿನ ಮತ್ತೆ ನೋಡಬೇಕು, ವಾರ ಕಳೆದು ಮತ್ತೆ ನೋಡಬೇಕು, ಒಂದು ವಾಕ್ಯದಲ್ಲಿ ತನ್ನ ಮಾತಾಗಿ ಬಳಸಬೇಕು. ಇಂಗ್ಲಿಷ್ ಮಾತಾಡುವ ಮನೆಯ ಮಗುವಿಗೆ ಇದು ಊಟದ ಹೊತ್ತಿನಲ್ಲೇ ನಡೆದುಹೋಗುತ್ತದೆ. ನಮ್ಮೂರಿನ ಮಗುವಿಗೆ ಅದು ನಡೆಯುವ ಜಾಗ ಶಾಲೆಯೊಂದೇ. ಅದಕ್ಕೇ ಆ ಚೌಕ ಮುಖ್ಯ.

ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಕೊಠಡಿ ಕಟ್ಟಿಸಿಕೊಡುತ್ತಿದ್ದಾರೆ, ಕುಡಿಯುವ ನೀರಿನ ಯಂತ್ರ ಕೊಟ್ಟಿದ್ದಾರೆ. ಬಹಳ ಸಂತೋಷ. ಅದರ ಜೊತೆಗೆ ನನ್ನದೊಂದು ಕೋರಿಕೆ. ಪ್ರತಿ ಕೊಠಡಿಗೂ ಒಂದು ಒಳ್ಳೆಯ ಇಂಗ್ಲಿಷ್–ಕನ್ನಡ ನಿಘಂಟು, ಪ್ರತಿ ಮಗುವಿಗೂ ಪದ ಬರೆಯಲು ಒಂದು ನೋಟ್‌ಬುಕ್ಕು ಕೊಡೋಣ. ಪೇಟೆಯಲ್ಲಿ ಡಾಕ್ಟರು, ಎಂಜಿನಿಯರು, ವಕೀಲರು, ಮೆಕ್ಯಾನಿಕ್ಕು, ನರ್ಸು ಆಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಮ್ಮ ಕೆಲಸದಲ್ಲಿ ದಿನವೂ ಬೇಕಾಗುವ ನೂರು ಪದಗಳನ್ನು ಕನ್ನಡದ ಅರ್ಥದೊಂದಿಗೆ ಬರೆದು ಶಾಲೆಗೆ ಕಳುಹಿಸಲಿ. ಇಪ್ಪತ್ತು ಜನ ಕಳುಹಿಸಿದರೆ ಎರಡು ಸಾವಿರ ಪದದ ನಮ್ಮದೇ ಶಾಲೆಯ ಪದಕೋಶವಾಗುತ್ತದೆ. ಶಿಕ್ಷಕ ಮಿತ್ರರಲ್ಲಿ ನನ್ನ ಬೇಡಿಕೆ ಇನ್ನೂ ಸಣ್ಣದು. ಹಲಗೆಯ ಬಲಮೂಲೆಯಲ್ಲಿ ಒಂದು ಚೌಕ ಹಾಕಿ.

ಎಸ್ಸೆಸ್ಸೆಲ್ಸಿ ದಾಟಿ ಮುಂದೆ ಹೋಗುವ ಮಗುವಿಗೂ, ನಡುವೆ ನಿಂತು ಹೊಲಕ್ಕೋ ಗ್ಯಾರೇಜಿಗೋ ಹೋಗುವ ಮಗುವಿಗೂ, ಅಷ್ಟು ದಿನ ಬರೆದುಕೊಂಡ ಪದಗಳು ಕಟ್ಟಿದ ಕಂತಿನಂತೆ ಕೈಯಲ್ಲಿ ಉಳಿಯಲಿ. ನಮ್ಮ ಮೇಷ್ಟರು ಇಂದು ನಮ್ಮೊಂದಿಗಿಲ್ಲ. ಆದರೆ ಈ ಲೇಖನದಲ್ಲಿ ಬಂದಿರುವ ಒಂದೊಂದು ಇಂಗ್ಲಿಷ್ ಪದವನ್ನು ಬರೆಯುವಾಗಲೂ ಇದನ್ನು ಮೊದಲು ಕಂಡದ್ದು ಆ ಚೌಕದೊಳಗೇ ಇರಬೇಕು ಎಂದು ನನಗೆ ಅನ್ನಿಸುತ್ತಿತ್ತು. ಅವರಿಗೆ ಈ ಬರಹ ನನ್ನ ನಮಸ್ಕಾರ.